ಎಡಗೈಯವಳ ಬಂದೂಕು

ಲ್ಯಾನೋ ನದಿಯ ದಂಡೆ, ಟೆಕ್ಸಾಸ್
ಮಾರ್ಚ್ ತಿಂಗಳು, ಭಾನುವಾರ ಬೆಳಿಗ್ಗೆ

ನನ್ನ ಮುದ್ದಿನ ಇರ್ಮಾ ಅಕ್ಕನಿಗೆ,

ನಿನಗೂ ಮಕ್ಕಳಿಗೂ ನಿನ್ನ ಗಂಡನ ಬೋಳು ತಲೆಗೂ ಡೆಲ್ಫಿನಾಳ ಸಾವಿರ ಸಾವಿರ ಮುತ್ತುಗಳು! ಕುಳಿತುಕೊಂಡು ಓದು. ಕೈಯಲ್ಲಿ ಬಿಸಿ ಕಾಫಿ ಇದ್ದರೆ ಕೆಳಗಿಡು. ನಿನ್ನ ತಂಗಿಗೆ ಈಗ ಸ್ವಂತ ರೈಫಲ್ ಇದೆ!

ನಗಬೇಡ. ಜಿರಳೆ ಕಂಡರೆ ಕುರ್ಚಿ ಹತ್ತುತ್ತಿದ್ದವಳು, ಸಿಸ್ಟರ್‌ಗಳ ಶಾಲೆಯಲ್ಲಿ ಇಸ್ತ್ರಿ ಮಾಡಿದ ಲಂಗ ಹಾಕಿಕೊಂಡು ಇಂಗ್ಲಿಷ್ ಪದ್ಯ ಬಾಯಿಪಾಠ ಒಪ್ಪಿಸುತ್ತಿದ್ದವಳು, ಅದೇ ನಾನು. ಅಡುಗೆಮನೆಯ ಬಾಗಿಲ ಮೇಲೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಬೀಗ ಹಾಕಿದ ಪಟ್ಟಿಯಲ್ಲಿ ಅದು ಮಲಗಿದೆ. ಮಕ್ಕಳೇ ಇಲ್ಲದ ಮನೆಯಲ್ಲಿ ಇಷ್ಟು ಜಾಗ್ರತೆ ಯಾಕೆ ಎಂದು ಕೇಳಿದರೆ ವೆಲ್ಡನ್ ಕಿವಿ ಕೆಂಪು ಮಾಡಿಕೊಳ್ಳುತ್ತಾನೆ. ನನ್ನ ಗಂಡನ ಕಿವಿ ಎಷ್ಟು ಚೆನ್ನಾಗಿ ಕೆಂಪಾಗುತ್ತದೆ ಗೊತ್ತಾ ಅಕ್ಕ!

ಫೋನ್ ಮಾಡದೆ ಯಾಕೆ ಬರೆದಳು ಅಂದುಕೊಳ್ಳುತ್ತಿರುತ್ತೀಯ. ಇಲ್ಲಿ ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗುತ್ತದೆ. ಅದೂ ಅಲ್ಲದೆ ಫೋನಿನಲ್ಲಿ ನಾನು ಹಲೋ ಅಂದರೆ ಸಾಕು, ನಿನಗೆ ಎಲ್ಲ ತಿಳಿದುಬಿಡುತ್ತದೆ. ಕಾಗದದಲ್ಲಾದರೆ ನಿಧಾನವಾಗಿ ಹೇಳಬಹುದು.

ಈ ಮನೆಯಲ್ಲಿ ಒಂದು ಪದ್ಧತಿ ಇದೆ. ಹೊಸ ಸೊಸೆ ಬಂದ ವರ್ಷದೊಳಗೆ ಗಂಡ ಅವಳಿಗೊಂದು ಬಂದೂಕು ಕೊಡಿಸಬೇಕು, ತಾನೇ ಅಳತೆ ನೋಡಿ ಆರಿಸಬೇಕು. ನಮ್ಮತ್ತೆ ಎರ್ನಾ ಮೊದಲ ದಿನವೇ ನನಗೆ ಹೇಳಿದರು: "ಉಂಗುರ ಪಾದ್ರಿ ಮುಂದೆ ಹಾಕೋದು ಕಣೇ. ಅದು ಊರಿಗೆ ತೋರಿಸೋಕೆ. ಈ ಮನೆಯೋಳು ಅನ್ನಿಸಿಕೊಳ್ಳೋದು ನಿನ್ನ ಬಂದೂಕು ಗೋಡೆ ಮೇಲೆ ಬಂದ ದಿನ." ಅವರದು ಐವತ್ತು ವರ್ಷ ಹಳೆಯದು, ಇನ್ನೂ ಅಲ್ಲೇ ಇದೆ. ಅದರ ಪಕ್ಕ ಒಂದು ಜಾಗ ಖಾಲಿ. ಬಣ್ಣ ಮಾಸದೆ ಉಳಿದ ಉದ್ದನೆಯ ಗುರುತು. ಮದುವೆಯಾಗಿ ಬಂದಾಗಿನಿಂದ ನಾನು ಆ ಗುರುತನ್ನು ನೋಡಿಕೊಂಡೇ ಹಿಟ್ಟು ನಾದುತ್ತಿದ್ದೆ. ನನ್ನದು ಯಾವಾಗ ಬಂದೀತು, ನಾನು ಯಾವಾಗ ಈ ಮನೆಯವಳಾದೇನು ಎಂದು.

ಅಲ್ಲಿ ಇದ್ದದ್ದು ಲೋರ್ನಾಳ ಬಂದೂಕು. ಮದುವೆಗೆ ಮೊದಲು ನೀನು ಮೂರು ಸಲ ಕೇಳಿದ್ದೆಯಲ್ಲ, ಹೆಂಡತಿ ಸತ್ತವನನ್ನು ಕಟ್ಟಿಕೊಳ್ಳುವ ಮುಂಚೆ ಯೋಚನೆ ಮಾಡಿದೆಯಾ ಎಂದು? ಅದೇ ಲೋರ್ನಾ. ಅವಳು ಕಾಯಿಲೆಯಿಂದ ಹೋಗಿ ಮೂರು ವರ್ಷವಾಯಿತು. ಅವಳ ತಮ್ಮ ಬಂದು ಬಂದೂಕನ್ನು ಒಯ್ದನಂತೆ. ಅವಳ ಫೋಟೋ ಮೆಟ್ಟಿಲ ಬಳಿ ಇದೆ, ನಾನೇ ವಾರಕ್ಕೊಮ್ಮೆ ಗಾಜು ಒರೆಸುತ್ತೇನೆ. ನನಗೇನೂ ಹೊಟ್ಟೆಕಿಚ್ಚಿಲ್ಲ ಅಕ್ಕ. ಗಿಡ್ಡಗೆ, ದುಂಡಗೆ, ನಗುಮುಖದ ಹೆಂಗಸು. ಬಂದ ಹೊಸತರಲ್ಲಿ ಅಡುಗೆಮನೆಯ ಕತ್ತರಿ ನನ್ನ ಕೈಯಲ್ಲಿ ಏನನ್ನೂ ಕತ್ತರಿಸುತ್ತಿರಲಿಲ್ಲ. ಮೊಂಡಾಗಿದೆ ಅಂದೆ. ಅತ್ತೆ ತೆಗೆದುಕೊಂಡು ಡ್ರಾಯರಿನೊಳಗೆ ಹಾಕಿ, "ಮೊಂಡೇನೂ ಅಲ್ಲ. ಅದು ಲೋರ್ನಾದು, ಎಡಗೈಯೋರ್ದು," ಅಂದರು. ಅಷ್ಟೇ.

ಸರಿ, ಬಂದೂಕಿನ ಕಥೆಗೆ ಬರುತ್ತೇನೆ! ಜನವರಿ ಪೂರ್ತಿ ಊಟದ ಮೇಜಿನ ಮೇಲೆ ಅದೇ ಮಾತು. ಇಲ್ಲಿ ಬಂದೂಕು ಅಂದರೆ ಕಳ್ಳಕಾಕರಿಗೆ ಅಲ್ಲ. ಮೇಕೆಗಳು ಮರಿ ಹಾಕುವ ಕಾಲದಲ್ಲಿ ಕಾಡುಹಂದಿಗಳು ಹಿಂಡು ಕಟ್ಟಿಕೊಂಡು ಬಂದು ಹಸಿ ಮರಿಗಳನ್ನು ತಿಂದು ಹೋಗುತ್ತವೆ. ಕೊಯೋಟಿ ಎನ್ನುವ ಬಯಲುತೋಳ ಬೇಲಿಯ ಸುತ್ತ ಸುಳಿಯುತ್ತದೆ. ಬೇಸಿಗೆಯಲ್ಲಿ ಕೋಳಿಗೂಡಿನ ಹತ್ತಿರ ಬಾಲ ಅಲ್ಲಾಡಿಸಿ ಸದ್ದು ಮಾಡುವ ಗಿಲಕಿ ಹಾವು. ಶರತ್ಕಾಲದಲ್ಲಿ ಮನೆಗೆ ಜಿಂಕೆ ಮಾಂಸ ಬೇಕು. ಇದಕ್ಕೆಲ್ಲ ಒಂದೇ ಬಂದೂಕು ಆಗಬೇಕು, ನಮ್ಮಮ್ಮನ ಕಾವಲಿಯ ಹಾಗೆ, ಟೋರ್ಟಿಯಾ ರೊಟ್ಟಿಗೂ ಅದೇ, ಮೊಟ್ಟೆಗೂ ಅದೇ, ಅಪ್ಪನನ್ನು ಹೆದರಿಸುವುದಕ್ಕೂ ಅದೇ.

ಅತ್ತೆಗೆ ಸಣ್ಣ ಗುಂಡುಗಳನ್ನು ಚೆಲ್ಲಿ ಹೊಡೆಯುವ ಹಳೇ ಕಾಲದ ಚರೆ ಬಂದೂಕೇ ಸಾಕಿತ್ತು. "ಗುರಿ ಇಡೋ ತಲೆನೋವೇ ಇಲ್ಲ. ಆ ಕಡೆ ತೋರ್ಸು, ಹೊಡಿ," ಅಂದರು.

"ದೂರ ಹೋಗಲ್ಲ ಅಮ್ಮ ಅದು. ಹಂದಿ ಹೊಡೀತಾಳೋ, ಕೋಳಿಗೂಡು ಹೊಡೀತಾಳೋ?" ಅಂದ ವೆಲ್ಡನ್.

ಅವನದು ಒಂದೊಂದು ಗುಂಡಿಗೂ ಸರಳು ಎಳೆದು ತಳ್ಳುವ ಹಳೇ ರೈಫಲ್. ಮೊದಲ ಗುಂಡಿಗೆ ಹಂದಿಗಳು ಚೆಲ್ಲಾಪಿಲ್ಲಿಯಾಗುತ್ತವೆ, ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಪೊದೆ ಸೇರಿರುತ್ತವೆ. ಹಾಗಾಗಿ ನನಗೆ ಸೆಮಿ ಆಟೋಮ್ಯಾಟಿಕ್ ಎಂದು ತೀರ್ಮಾನವಾಯಿತು. ಒಂದು ಸಲ ಬಂದೂಕಿನ ಕುದುರೆ, ಅಂದರೆ ಟ್ರಿಗರ್, ಒತ್ತಿದರೆ ಒಂದು ಗುಂಡು, ಮತ್ತೆ ಒತ್ತಿದರೆ ಮತ್ತೊಂದು. ಸರಳು ಎಳೆಯುವ ರಗಳೆ ಇಲ್ಲ, ಗುರಿಯಿಂದ ಕಣ್ಣು ತೆಗೆಯಬೇಕಿಲ್ಲ. ಹಗುರವಾಗಿರಬೇಕು, ಹಂದಿಯ ದಪ್ಪ ಚರ್ಮಕ್ಕೆ ಸಾಲಬೇಕು, ಭುಜಕ್ಕೆ ಒದೆಯಬಾರದು. ನೋಡು, ನಿನ್ನ ತಂಗಿ ಎಷ್ಟು ಕಲಿತಿದ್ದಾಳೆ! ಪ್ರತಿ ರಾತ್ರಿ ಊಟಕ್ಕೆ ಕೂತು ಗಂಡ ನನಗೋಸ್ಕರ ಇಷ್ಟು ಯೋಚನೆ ಮಾಡುವುದನ್ನು ಕೇಳುತ್ತಿದ್ದರೆ ಮೈಯೆಲ್ಲ ಬೆಚ್ಚಗಾಗುತ್ತಿತ್ತು. ಬೆಳಗಿನ ತಿಂಡಿಯ ಹೊತ್ತಿಗೆ ಮೂರು ಮಾತು ಆಡಿದರೆ ಹೆಚ್ಚು ಅನ್ನುವ ಮನುಷ್ಯ ಅವನು.

ಒಂದು ಶನಿವಾರ ಪೇಟೆಗೆ ಹೋದೆವು. ಹೊಯ್ಟ್ ಎಂಬವನ ಅಂಗಡಿ. ಒಂದು ಕಡೆ ದನಗಳು ನೆಕ್ಕುವ ಉಪ್ಪು, ಒಂದು ಕಡೆ ಗಾಳದ ಕೋಲು, ಹಿಂದಿನ ಗೋಡೆಗೆ ಬಂದೂಕು. ಒಲೆಯ ಪಕ್ಕ ಇಬ್ಬರು ಮುದುಕರು ಕಾಫಿ ಹೀರುತ್ತ ಕೂತಿದ್ದರು. ನಾನು ಹಳದಿ ಫ್ರಾಕು ಹಾಕಿಕೊಂಡಿದ್ದೆ.

"ಏನೋ ವೆಲ್ಡನ್, ಹೊಸ ಹೆಂಡ್ತೀನ ಇಲ್ಲಿಗೆ ಕರ್ಕೊಂಡು ಬಂದಿದೀಯಲ್ಲೋ! ಹೂವಿನ ಅಂಗಡಿ ಪಕ್ಕದ ಬೀದೀಲಿದೆ," ಅಂದ ಹೊಯ್ಟ್. ಮುದುಕರು ನಕ್ಕರು. ನಾನೂ ನಕ್ಕೆ.

"ಹೂವು ಬಾಡುತ್ತೆ," ಅಂದ ನನ್ನ ಗಂಡ! ಎಲ್ಲರ ಮುಂದೆ! ನಾನು ಅಲ್ಲೇ ತೇಲಿಹೋಗುವುದೊಂದು ಬಾಕಿ.

ಹೊಯ್ಟ್ ಮೊದಲು ಕೇಳುವುದು ಯಾವ ಕೈ ಎಂದು. ಸೆಮಿ ಆಟೋಮ್ಯಾಟಿಕ್‌ನಲ್ಲಿ ಸುಟ್ಟ ತೋಟಾದ ಖಾಲಿ ಹಿತ್ತಾಳೆ ಕೊಳವೆ ತಾನಾಗಿ ಪಕ್ಕಕ್ಕೆ ಹಾರುತ್ತದೆ. ಬಲಗೈಯವರದರಲ್ಲಿ ಬಲಕ್ಕೆ, ಎಡಗೈಯವರದರಲ್ಲಿ ಎಡಕ್ಕೆ. ತಪ್ಪಿದ್ದನ್ನು ತೆಗೆದುಕೊಂಡರೆ ಕೆಂಡದಂಥ ಹಿತ್ತಾಳೆ ಮುಖದ ಮುಂದೆಯೇ ಹಾದು ಹೋಗುತ್ತದೆ.

"ಕೈ ಯಾವುದು?" ಅಂದ ಹೊಯ್ಟ್.

ವೆಲ್ಡನ್ ಗಾಜಿನ ಪೆಟ್ಟಿಗೆಯಲ್ಲಿದ್ದ ದುರ್ಬೀನುಗಳನ್ನು ನೋಡುತ್ತಿದ್ದ. ತಲೆ ಎತ್ತಲಿಲ್ಲ. "ಎಡಗೈ. ತೋಳು ಗಿಡ್ಡ, ಭುಜಕ್ಕೆ ಆನಿಸೋ ಹಿಂದಿನ ಮರ ಒಂಚೂರು ಕಮ್ಮಿ ಮಾಡ್ಸು," ಅಂದ.

ನನ್ನ ತೋಳು ಗಿಡ್ಡವಂತೆ ಅಕ್ಕ. ಅಮ್ಮ ನನ್ನನ್ನು ಕೊಕ್ಕರೆ ಎಂದು ಕರೆಯುತ್ತಿದ್ದದ್ದು ನೆನಪಿದೆಯಾ?

ಮುದುಕರಲ್ಲಿ ಒಬ್ಬ ತನ್ನ ಹ್ಯಾಟಿನ ಅಂಚನ್ನು ನೋಡತೊಡಗಿದ. ಅಲ್ಲಿದ್ದವರೆಲ್ಲ ಲೋರ್ನಾಳನ್ನು ಎತ್ತಿ ಆಡಿಸಿದವರು. ಹೊಯ್ಟ್ ನನ್ನ ಮುಖ ನೋಡಿದ. ಆ ನೋಟದಲ್ಲಿ ಎಷ್ಟು ಕರುಣೆ ಇತ್ತೆಂದರೆ ನನಗೆ ಅವನ ಮೇಲೇ ಸಿಟ್ಟು ಬಂತು. ಆಗ ವೆಲ್ಡನ್‌ಗೆ ತನ್ನ ಮಾತು ತನಗೇ ಕೇಳಿಸಿತು. ಗಾಜಿನ ಮೇಲಿದ್ದ ಅವನ ಕೈ ಹಾಗೇ ನಿಂತಿತು. ಅವನು ಮೇಲೆ ನೋಡುವಷ್ಟರಲ್ಲಿ ನಾನು ಬಾಯಿ ತೆಗೆದಿದ್ದೆ.

"ಹೌದು ಹೊಯ್ಟ್, ಬರೆಯೋದೆಲ್ಲ ಬಲಗೈ, ಆದ್ರೆ ಕಣ್ಣು ಎಡಗಣ್ಣು ನಂದು. ಗುರಿ ಅಂದ್ರೆ ಎಡಕ್ಕೇ ಹೋಗುತ್ತೆ. ಇವ್ರಿಗೆ ಹೇಳಿದ್ದೆ," ಅಂದೆ. ನಮ್ಮ ಶಾಲೆಯ ನಾಟಕದಲ್ಲಿ ಕೂಡ ನಾನು ಅಷ್ಟು ಚೆನ್ನಾಗಿ ಮಾಡಿರಲಿಲ್ಲ.

ಹಾಗೆ ಇರುವವರೂ ಇದ್ದಾರಂತೆ. ಅದನ್ನು ನೋಡುವ ಕ್ರಮವೂ ಇದೆ. ಹೊಯ್ಟ್ ನನ್ನ ಎದುರು ನಿಂತು, "ಎರಡೂ ಕೈ ಮುಂದೆ ಚಾಚಮ್ಮ. ಬೆರಳು ಸೇರ್ಸಿ ಸಣ್ಣ ಕಿಂಡಿ ಮಾಡು. ಅದರೊಳಗಿಂದ ನನ್ನ ಮೂಗು ನೋಡು," ಅಂದ. ಗುರಿಯ ಕಣ್ಣು ಯಾವುದೋ ಅದೇ ಕಿಂಡಿಯಲ್ಲಿ ಕಾಣುತ್ತದೆ, ಎದುರು ನಿಂತವನಿಗೆ ಸುಳ್ಳು ಹೇಳಲು ಆಗುವುದಿಲ್ಲ. ಅದು ನನಗೆ ಆಮೇಲೆ ಗೊತ್ತಾಯಿತು. ಅವನಿಗೆ ಕಂಡದ್ದು ನನ್ನ ಬಲಗಣ್ಣು. ಸ್ವಲ್ಪ ಹೊತ್ತು ನೋಡಿದ. ಆಮೇಲೆ, "ಎಡಗಣ್ಣೇ," ಅಂದು ಒಳಗೆ ಹೋಗಿ ಒಂದು ಎಡಗೈ ರೈಫಲ್ ತಂದ.

ವೆಲ್ಡನ್ ಮುಖಕ್ಕೆ ಬಣ್ಣ ಬಂತು. "ಅದಕ್ಕೇ ಅಂದೆ," ಅಂದ. ಅವನು ಅದನ್ನು ನಂಬಿದ. ಹೊಳೆಯಲ್ಲಿ ಬಿದ್ದವನಿಗೆ ಯಾರೋ ಹಗ್ಗ ಎಸೆದರೆ ಹಗ್ಗ ಎಲ್ಲಿಂದ ಬಂತು ಎಂದು ಕೇಳುತ್ತಾನೆಯೇ?

ಬೈಯಬೇಡ ಅಕ್ಕ. ಮುಂದಿನದನ್ನು ಓದು. ಮುಂದಿನ ವಾರಗಳಷ್ಟು ಸುಖ ನಾನು ಮದುವೆಯ ದಿನವೂ ಕಂಡಿರಲಿಲ್ಲ!

ಗುರಿ ಬಂದ ಮೇಲೆಯೇ ಬಂದೂಕು ಗೋಡೆಗೆ ಏರುವುದು ಎಂದಿದ್ದರು ಅತ್ತೆ. ದಿನಾ ಸಂಜೆ ಕೆರೆಯ ದಂಡೆಯ ಹಿಂದೆ ನನಗೆ ಪಾಠ. ಬೇಲಿಯ ಕಂಬದ ಮೇಲೆ ಬೀನ್ಸ್ ಕಾಳಿನ ಖಾಲಿ ಡಬ್ಬಿಗಳು, ಹಿಂದೆ ಮಣ್ಣಿನ ಏರಿ. ನನ್ನ ಕಿವಿಗೆ ಸದ್ದು ತಡೆಯುವ ಮುಚ್ಚಳ ಅವನೇ ಹಾಕುತ್ತಿದ್ದ. ನನ್ನ ಎಡಬದಿಗೆ, ಹಿಂದೆ, ಉಸಿರು ತಾಗುವಷ್ಟು ಹತ್ತಿರ ನಿಲ್ಲುತ್ತಿದ್ದ. ನನ್ನ ಎಡ ಮೊಣಕೈಯನ್ನು ಅಂಗೈಯಲ್ಲಿ ಹಿಡಿದು ಎತ್ತುತ್ತಿದ್ದ, ಮೊಟ್ಟೆ ಎತ್ತುವ ಹಾಗೆ. ಆ ಮೂಕ ಮನುಷ್ಯ ಒಂದೇ ಸಮನೆ ಮಾತಾಡುತ್ತಿದ್ದ. "ಅರ್ಧ ಉಸಿರು ಬಿಡು. ಹಾಂ. ಎಳೀಬೇಡ ಚಿನ್ನ, ಮೆತ್ತಗೆ ಹಿಂಡು. ಎಡಗೈಯೋರು ಮೊದಮೊದ್ಲು ಬಲಕ್ಕೆ ತಳ್ತಾರೆ, ನೀನೂ ಅದೇ ಮಾಡ್ತಿದೀಯ." ನಾನು ಏರಿಗೆ ಹೊಡೆದೆ, ಆಕಾಶಕ್ಕೆ ಹೊಡೆದೆ, ಒಂದು ಡಬ್ಬಿಗೂ ಹೊಡೆಯಲಿಲ್ಲ. ಅವನು ನಕ್ಕ! ತಲೆ ಹಿಂದಕ್ಕೆ ಹಾಕಿ ನಕ್ಕ. ಅವನಿಗೆ ಹಾಗೆ ನಗಲು ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ಒಂದು ಸಂಜೆ ಅವನು, "ಬೇಜಾರು ಮಾಡ್ಕೋಬೇಡ, ಮೊದಲ ಚಳಿಗಾಲಾನೂ ಹೀಗೇ ಆಗಿತ್ತಲ್ಲ ನಿಂಗೆ. ಆಮೇಲೆ ನನ್ನನ್ನೇ ಮೀರಿಸಿದೆ," ಅಂದ.

ನಾನು ಬಂದೂಕು ಮುಟ್ಟಿದ್ದೇ ಆ ತಿಂಗಳು.

ತಿರುಗಿ ನೋಡಲಿಲ್ಲ ನಾನು. ತಿರುಗಿದ್ದರೆ ಅವನಿಗೆ ನನ್ನ ಮುಖ ಕಾಣುತ್ತಿತ್ತು. ಮೊಣಕೈ ಅವನ ಅಂಗೈಯಲ್ಲೇ ಇತ್ತು, ಹಾಗೇ ಇರಲಿ ಅನ್ನಿಸಿತು. "ಹೂಂ," ಅಂದೆ.

ಅಂದಿನಿಂದ ನಾನು ಎಲ್ಲದಕ್ಕೂ ಎಡಗೈ ಬಳಸತೊಡಗಿದೆ. ಹಲ್ಲುಜ್ಜುವುದು, ಬಟ್ಟೆ ಒಣಹಾಕುವುದು, ಹಾಲು ಕರೆಯುವುದು. ಗುರಿ ಬೇಗ ಬರಲಿ ಎಂದು. ಒಂದು ಮಧ್ಯಾಹ್ನ ಎಡಗೈಯಲ್ಲಿ ಚಮಚ ಹಿಡಿದು ಬೀನ್ಸ್ ಕಾಳಿನ ಸಾರು ತಿನ್ನಲು ಹೋಗಿ ಅತ್ತೆಯ ಬಿಳಿ ಮೇಜುಬಟ್ಟೆಯ ಮೇಲೆಲ್ಲ ಚೆಲ್ಲಿದೆ.

"ಕೈಗೇನಾಯ್ತೇ?" ಅಂದರು ಅತ್ತೆ.

"ಏನಿಲ್ಲ ಅತ್ತೆ. ಅಭ್ಯಾಸ ಮಾಡ್ತಿದೀನಿ."

"ಏನ್ ಅಭ್ಯಾಸ? ಸತ್ತೋಳ ಹಾಗೆ ಉಣ್ಣೋದಾ?" ಅವರು ನನ್ನ ಕೈಯಿಂದ ಚಮಚ ಕಿತ್ತುಕೊಂಡು ಬಲಗೈಗೆ ತುರುಕಿದರು. "ಅವಳನ್ನ ನಾನೇ ತೊಳೆದು, ಬಟ್ಟೆ ಉಡಿಸಿ ಕಳಿಸಿದೀನಿ. ಮತ್ತೆ ನನ್ನ ಮೇಜಿನ ಮುಂದೆ ತಂದು ಕೂರಿಸಬೇಡ. ಕೊಕ್ಕರೆ ಹಾಗಿದೀಯ, ಕೊಕ್ಕರೆ ಹಾಗೇ ಇರು."

ಅಮ್ಮನ ಮಾತೇ ಅವರ ಬಾಯಲ್ಲಿ ಬಂತು! ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದುಕೊಂಡು ಸಂಜೆಯ ಪಾಠಕ್ಕೆ ಹೋದೆ. ಹೋಗದೆ ಇರಲಾಗಲಿಲ್ಲ ಅಕ್ಕ. ದಿನವೆಲ್ಲ ಆ ಸಂಜೆಗಾಗಿಯೇ ಕಾಯುತ್ತಿದ್ದೆ.

ಫೆಬ್ರವರಿ ಕೊನೆಗೆ ಮೇಕೆಗಳು ಮರಿ ಹಾಕತೊಡಗಿದವು. ಒಂದು ಬೆಳಿಗ್ಗೆ ವೆಲ್ಡನ್ ಹೊಳೆಯ ಕಡೆಯ ಬೇಲಿ ಸರಿಮಾಡಲು ಹೋಗಿದ್ದ. ನಾನು ಟೋರ್ಟಿಯಾ ಬೇಯಿಸುತ್ತಿದ್ದೆ. ಮೇಕೆಗಳ ಕೂಗು ಕೇಳಿಸಿತು. ಹಸಿವಿನ ಕೂಗಲ್ಲ. ಬಂದೂಕು ತೆಗೆದುಕೊಂಡು ಓಡಿದೆ. ಹಿತ್ತಲ ಹುಲ್ಲುಗಾವಲಿನಲ್ಲಿ ಐದಾರು ಹಂದಿಗಳು. ದೊಡ್ಡ ಹೆಣ್ಣುಹಂದಿಯೊಂದು ಆಗತಾನೇ ಹುಟ್ಟಿದ ಮರಿಯ ಹಿಂಗಾಲು ಕಚ್ಚಿ ಎಳೆಯುತ್ತಿತ್ತು. ತಾಯಿಮೇಕೆ ಅದಕ್ಕೆ ತಲೆಯಿಂದ ಗುದ್ದುತ್ತಿತ್ತು.

ನಾನು ಅವನು ಕಲಿಸಿದ ಹಾಗೆ ನಿಂತೆ. ಎಡಭುಜ, ಎಡಗಣ್ಣು, ಅರ್ಧ ಉಸಿರು. ಹಿಂಡಿದೆ. ಮಣ್ಣು ಹಾರಿತು. ಮತ್ತೆ ಹಿಂಡಿದೆ, ಮತ್ತೆ ಮಣ್ಣು. ಹಂದಿ ತಲೆ ಕೂಡ ಎತ್ತಲಿಲ್ಲ. ಆಮೇಲೆ ಏನಾಯಿತೋ, ನಾನೇನೂ ಯೋಚಿಸಲಿಲ್ಲ, ಬಂದೂಕು ತಾನಾಗಿ ನನ್ನ ಬಲಭುಜಕ್ಕೆ ಬಂತು. ಎಲ್ಲವೂ ಸ್ಪಷ್ಟವಾಗಿ ಕಂಡಿತು. ಒಂದೇ ಗುಂಡಿಗೆ ಹೆಣ್ಣುಹಂದಿ ಕುಸಿಯಿತು. ಓಡುತ್ತಿದ್ದ ಇನ್ನೊಂದನ್ನು ಎರಡನೆಯ ಗುಂಡು ಉರುಳಿಸಿತು. ಸುಟ್ಟ ತೋಟಾ ಎಡಕ್ಕೆ ಹಾರಿ ನನ್ನ ಕಾಲರಿನೊಳಗೆ ಬಿದ್ದು ಕುತ್ತಿಗೆಯ ಬುಡ ಚುರ್ರ್ ಅಂದಿತು. ನಾನು ಕೂಗಿದ್ದು ನೋವಿಗಲ್ಲ, ಖುಷಿಗೆ! ಮರಿ ಬದುಕಿತ್ತು ಅಕ್ಕ! ಈಗ ಸ್ವಲ್ಪ ಕುಂಟುತ್ತದೆ, ಸೀಸೆಯಲ್ಲಿ ಹಾಲು ಕುಡಿಯುತ್ತದೆ, ನನ್ನ ಲಂಗದ ಅಂಚು ಅಗಿಯುತ್ತದೆ.

ತಿರುಗಿದರೆ ವೆಲ್ಡನ್ ಗೇಟಿನ ಬಳಿ ನಿಂತಿದ್ದ. ಗುಂಡಿನ ಸದ್ದಿಗೆ ಓಡಿ ಬಂದಿದ್ದ, ಕೈಯಲ್ಲಿ ಇನ್ನೂ ತಂತಿಯ ಸುರುಳಿ ಇತ್ತು. ಹಂದಿಯ ಕಡೆ ನೋಡಲಿಲ್ಲ. ನನ್ನ ಬಲಭುಜದ ಮೇಲಿದ್ದ ಬಂದೂಕನ್ನು ನೋಡುತ್ತಿದ್ದ.

"ನೀನು ಬಲಗೈಯವಳು," ಅಂದ.

"ಹೌದು."

"ಮೊದ್ಲಿಂದ್ಲೂನಾ?"

ಕಟ್ಟಿಕೊಂಡ ಗಂಡ ಕೇಳುವ ಪ್ರಶ್ನೆಯೇ ಇದು! ನನಗೆ ನಗು ಬರಬೇಕಿತ್ತು. "ಮೊದ್ಲಿಂದ್ಲೂ ಕಣೋ. ಹುಟ್ಟಿದಾಗಿಂದ. ಕಣ್ಣೂ ಬಲಗಣ್ಣೇ," ಅಂದೆ.

"ಮತ್ತೆ ಅಂಗಡೀಲಿ ಯಾಕೆ ಹಾಗಂದೆ?"

"ನೀನು ಎಡಗೈ ಅಂದೆಯಲ್ಲ. ಎಲ್ಲಾರೂ ನಿನ್ನೇ ನೋಡ್ತಿದ್ರು."

ಅವನು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕುಳಿತ. ಹ್ಯಾಟು ತೆಗೆದು ಮೊಣಕಾಲ ಮೇಲಿಟ್ಟ. ಆಮೇಲೆ ಅಳತೊಡಗಿದ. ಅಂಥ ಅಳುವನ್ನು ನಾನು ಕೇಳಿರಲಿಲ್ಲ ಇರ್ಮಾ. ಶವಸಂಸ್ಕಾರದ ದಿನ ಅವನ ಕಣ್ಣಲ್ಲಿ ಹನಿ ನೀರಿರಲಿಲ್ಲವಂತೆ, ಅತ್ತೆ ಹೇಳಿದ್ದರು. ಅಂದಿನದೆಲ್ಲ ಈಗ ಬಂತು. ನಾನು ಹತ್ತಿರ ಹೋಗಿ ತಲೆಯ ಮೇಲೆ ಕೈಯಿಟ್ಟೆ. ಅವನು ನನ್ನ ಕೈಯನ್ನು ಸರಿಸಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಅವನ ಎದೆಯಿಂದ ಬರುತ್ತಿದ್ದ ಹೆಸರು ನನ್ನದಲ್ಲ. ಕೆರೆಯ ಹಿಂದಿನ ಸಂಜೆಗಳಲ್ಲಿ ಅವಳು ಅವನಿಗೆ ಸಿಕ್ಕಿದ್ದಳು. ಬಲಭುಜಕ್ಕೆ ಬಂದೂಕು ಏರಿಸಿ ನಾನು ಅವಳನ್ನು ಮತ್ತೊಂದು ಸಲ ಕಳಿಸಿಬಿಟ್ಟೆ.

ಮಾರನೆಯ ದಿನ ಅವನು ಬಡಗಿಯ ಟೇಪು ತಂದ. "ಮೊಣಕೈ ಮಡಚ್ತೀಯಾ?" ಅಂದ, ದರ್ಜಿ ಕೇಳುವ ಹಾಗೆ. ಮೊಣಕೈಯ ಒಳಮೂಲೆಯಿಂದ ಕುದುರೆ ಒತ್ತುವ ಬೆರಳಿನವರೆಗೆ ಅಳೆದ. ಟೇಪಿನ ತಣ್ಣನೆಯ ತುದಿ ಮಾತ್ರ ನನ್ನನ್ನು ಮುಟ್ಟಿತು. ಎಡಗೈ ರೈಫಲ್ ಅನ್ನು ಹೊಯ್ಟ್‌ಗೆ ವಾಪಸ್ಸು ಕೊಟ್ಟು ಬಂದ.

ಹೊಸದು ಈ ಗುರುವಾರ ಬಂತು. ಎಷ್ಟು ಚೆಂದ ಇದೆ ಅಕ್ಕ! ಬಲಭುಜಕ್ಕೆ ಒತ್ತಿಕೊಂಡರೆ ಮೈಯ ಭಾಗವೇ ಅನ್ನಿಸುತ್ತದೆ. ನನ್ನ ಉದ್ದ ತೋಳಿಗೆ ಸರಿಯಾಗಿದೆ, ಒದೆಯುವುದಿಲ್ಲ, ತೋಟಾ ಬಲಕ್ಕೆ ಹಾರಿ ಹುಲ್ಲಿನಲ್ಲಿ ಬೀಳುತ್ತದೆ. ಅತ್ತೆ ದಾಲ್ಚಿನ್ನಿ ಹಾಕಿದ ಕಾಫಿ ಕೇಕು ಮಾಡಿದರು, ತಾವೇ ಸ್ಟೂಲು ಹತ್ತಿ ಬಂದೂಕನ್ನು ಗೋಡೆಗೆ ಏರಿಸಿದರು. "ಹೂಂ. ಈಗ ನೀನು ಮನೆಯೋಳು. ಇನ್ನು ನಿನ್ನ ಬೈಯೋಕೆ ನಂಗೆ ಪೂರ್ತಿ ಹಕ್ಕಿದೆ," ಅಂದರು. ನಾನು ಅವರನ್ನು ತಬ್ಬಿಕೊಂಡೆ. ಗೋಡೆಯ ಮೇಲಿನ ಹಳೇ ಗುರುತು ನನ್ನದಕ್ಕಿಂತ ಗಿಡ್ಡ, ಪೂರ್ತಿ ಮುಚ್ಚಿಹೋಯಿತು.

ಸಂಜೆ ಕೆರೆಯ ಹಿಂದೆ ಒಬ್ಬಳೇ ಹೋದೆ. ಡಬ್ಬಿಗಳನ್ನು ಸಾಲಾಗಿ ಇಟ್ಟು ಒಂದೂ ಬಿಡದೆ ಹೊಡೆದೆ. ವೆಲ್ಡನ್ ಜಗಲಿಯಿಂದ ನೋಡುತ್ತಿದ್ದ. ಬಾ ಅಂತ ಕೈ ಬೀಸಿದೆ. "ನಿಂಗೆ ಕಲಿಸೋಕೆ ಏನೂ ಉಳಿದಿಲ್ಲ," ಎಂದು ಕೂಗಿ ಹೇಳಿದ, ಹೆಮ್ಮೆಯಿಂದಲೇ ಹೇಳಿದ, ಒಳಗೆ ಹೋದ.

ಅವನು ಕೆಟ್ಟವನಲ್ಲ ಅಕ್ಕ. ಅಮ್ಮನಿಗೆ ಹಾಗೆ ಹೇಳಬೇಡ. ನನ್ನ ಕುತ್ತಿಗೆಯ ಸುಟ್ಟ ಗಾಯಕ್ಕೆ ದಿನಾ ಮುಲಾಮು ತಂದಿಡುತ್ತಾನೆ, ಮೇಜಿನ ಮೇಲೆ. ಬಾಗಿಲು ತೆರೆದು ಹಿಡಿಯುತ್ತಾನೆ. ಚಿನ್ನ ಎಂದು ಕರೆಯುವುದನ್ನು ಬಿಟ್ಟಿದ್ದಾನೆ, ಅದು ಯಾರ ಹೆಸರಾಗಿತ್ತು ಎಂದು ಇಬ್ಬರಿಗೂ ಈಗ ಗೊತ್ತು. ಭಾನುವಾರ ಸ್ಮಶಾನಕ್ಕೆ ಹೋಗಲು ಶುರುಮಾಡಿದ್ದಾನೆ, ಈ ಮೂರು ವರ್ಷ ಒಂದು ಸಲವೂ ಹೋಗಿರಲಿಲ್ಲವಂತೆ. ಈಗಲೂ ಅಲ್ಲಿಗೇ ಹೋಗಿದ್ದಾನೆ. ಹಿತ್ತಲಿನಲ್ಲಿ ಗುಲಾಬಿ ಬಣ್ಣದ ಹೂ ಬಿಟ್ಟಿರುವ ಮರದಿಂದ ಒಂದು ರೆಂಬೆ ನಾನೇ ಕತ್ತರಿಸಿ ಕೊಟ್ಟೆ. ತೆಗೆದುಕೊಂಡ, ಥ್ಯಾಂಕ್ಸ್ ಅಂದ, ನನ್ನ ಮುಖವನ್ನು ಒಂದು ಕ್ಷಣ ನೋಡಿದ. ಹೊಸದಾಗಿ ಪರಿಚಯವಾದವರನ್ನು ನೋಡುವ ಹಾಗೆ. ಅಲ್ಲಿಂದಲಾದರೂ ಶುರುವಾಗಬಹುದು ಎಂದು ನಾನು ಅಂದುಕೊಳ್ಳುತ್ತಿದ್ದೇನೆ. ಅಂದುಕೊಳ್ಳುವುದರಲ್ಲಿ ನಾನು ಯಾವಾಗಲೂ ಜಾಣೆ, ನಿನಗೇ ಗೊತ್ತಲ್ಲ.

ಈಸ್ಟರಿಗೆ ಬಾ. ನಿನಗೆ ಹಂದಿಮಾಂಸ ತುಂಬಿದ ತಮಾಲೆ ಕಡುಬು ಮಾಡಿ ಹಾಕುತ್ತೇನೆ, ನಾನೇ ಹೊಡೆದದ್ದು! ಮಕ್ಕಳಿಗೆ ಕುಂಟ ಮರಿಯನ್ನು ತೋರಿಸುತ್ತೇನೆ.

ಈ ಮನೆಯವಳಾದ, ನಿನ್ನ ಕೊಕ್ಕರೆ,
ಡೆಲ್ಫಿನಾ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಅವನು ಎಡಗೈ ರೈಫಲ್ ಅನ್ನು ವಾಪಸ್ಸು ಕೊಡಲು ಟ್ರಕ್ಕಿನಲ್ಲಿ ಇಡುತ್ತಿದ್ದಾಗ ನಾನು ಬರಿಗಾಲಲ್ಲಿ ಓಡಿಹೋಗಿ ಅವನ ತೋಳು ಹಿಡಿದುಕೊಂಡೆ. "ಕೊಡ್ಬೇಡ ಕಣೋ. ಇದೇ ಇರ್ಲಿ. ನಾನು ಎಡಗೈಲೇ ಕಲೀತೀನಿ, ಸಂಜೆ ಮೊದಲಿನ ಹಾಗೇ ಹೋಗೋಣ," ಅಂದೆ. ಅಷ್ಟಕ್ಕೂ ಇಳಿದೆ ಅಕ್ಕ ನಾನು. ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಬೇಡ ಡೆಲ್ಫಿನಾ," ಅಂದ. "ಅವಳ ಹಾಗೆ ಇರೋದನ್ನ ನೀನು ತುಂಬ ಚೆನ್ನಾಗಿ ಕಲೀತಿದ್ದೆ. ಅದಕ್ಕೇ ಬೇಡ."